ಗಾಯ ಒಣಗುವವರೆಗೆ

ರಕ್ತ ತೆಳುವಾಗಿಸುವ ಸೂಜಿ ಒಂದಕ್ಕೆ ನಾಲ್ಕು ನೂರು ರೂಪಾಯಿ, ದಿನಕ್ಕೆ ಎರಡು ಬೇಕು. ಎದೆಯ ನೀರು ತೆಗೆಸಲು ಸವಣೂರಿನಿಂದ ಹುಬ್ಬಳ್ಳಿಗೆ ಹೋಗಿಬರುವ ಕಾರಿಗೆ ಮೂರು ಸಾವಿರ. ಮಂಜವ್ವ ತೋಟದಲ್ಲಿ ಇಡೀ ದಿನ ವೀಳ್ಯದೆಲೆ ಕೊಯ್ದರೂ ಒಂದು ಸೂಜಿಯ ದುಡ್ಡು ಹುಟ್ಟುತ್ತಿರಲಿಲ್ಲ. ಎಮ್ಮೆ ಮಾರಿದಳು, ಸೂಜಿ ಒಂದು ಹೊತ್ತೂ ತಪ್ಪಿಸಲಿಲ್ಲ.

ಗಂಡ ಗೋಣೆಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಶ್ವಾಸಕೋಶದ ಸುತ್ತ ನೀರು ತುಂಬಿ ಮಲಗಲು ಬಿಡುತ್ತಿರಲಿಲ್ಲ. ಗೋಡೆಗೆ ಆತು ಕುಳಿತೇ ತೂಕಡಿಸುತ್ತಿದ್ದ. ಅದರ ಮೇಲೆ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಹೆಪ್ಪು ಎದೆಗೆ ಏರದಿರಲೆಂದು ಈ ಸೂಜಿ. ದವಾಖಾನೆಯಲ್ಲಿ ಕೆಲಸಕ್ಕಿದ್ದ ಪಕ್ಕದ ಮನೆಯ ದಿಲ್ಶಾದ ಹೊಟ್ಟೆಗೆ ಚುಚ್ಚುವುದನ್ನು ಕಲಿಸಿಕೊಟ್ಟಿದ್ದಳು.

‘ಇಷ್ಟು ವರ್ಷ ಬಾಯಿಲೆ ಚುಚ್ಚಿದ್ದು ಸಾಲಲಿಲ್ಲ ನಿನಗ,’ ಎನ್ನುತ್ತ ಗೋಣೆಪ್ಪ ಅಂಗಿ ಎತ್ತುತ್ತಿದ್ದ.

ನೀರು ತೆಗೆಯುವ ಹಿಂದಿನ ದಿನ ಸೂಜಿ ನಿಲ್ಲಿಸಿ, ತೆಗೆದ ಮರುದಿನ ಬೆಳಗ್ಗೆ ತಪ್ಪದೆ ಶುರುಮಾಡಬೇಕೆಂದು ಡಾಕ್ಟರು ಹೇಳಿದ್ದರು. ನೀರು ತೆಗೆಸಿಕೊಂಡು ಬಂದ ಗೋಣೆಪ್ಪ ಮಧ್ಯಾಹ್ನವೇ ಕಾಲು ಚಾಚಿ ಮಲಗಿ ಗೊರಕೆ ಹೊಡೆದ. ಮಂಜವ್ವ ಕೆಲಸ ಬಿಟ್ಟು ಅದನ್ನೇ ಕೇಳುತ್ತ ಕುಳಿತಳು.

ಬೆಳಗ್ಗೆ ನೋಡಿದರೆ, ನೀರು ತೆಗೆದ ಕಡೆ ಬೆನ್ನಿಗೆ ಹಚ್ಚಿದ್ದ ಪಟ್ಟಿ ಕೆಂಪಗೆ ತೊಯ್ದಿತ್ತು. ಎಲೆ ಕೊಯ್ಯುವ ಕಬ್ಬಿಣದ ಉಗುರು ತಾಗಿ ಎಷ್ಟೋ ಸಲ ಬೆರಳು ಸೀಳಿಸಿಕೊಂಡವಳು ಅವಳು. ಹಸಿಗಾಯವನ್ನು ಕೆದಕಬಾರದೆಂದು ಬಲ್ಲಳು. ಒಸರುತ್ತಿರುವ ರಕ್ತವನ್ನು ಇನ್ನಷ್ಟು ತೆಳುಮಾಡಲು ಅವಳಿಗೆ ಕೈ ಬರಲಿಲ್ಲ.

‘ಇವತ್ತ ಚುಚ್ಚೂದಿಲ್ಲೇನು?’

‘ಗಾಯ ಒಣಗಲಿ. ಡಾಕ್ಟರೇ ಹೇಳ್ಯಾರ್ರಿ.’

ಡಾಕ್ಟರು ಹಾಗೆ ಹೇಳಿರಲಿಲ್ಲ. ಒಂದು ಫೋನಾದರೂ ಮಾಡು ಎಂದು ದಿಲ್ಶಾದ ಗದರಿದಾಗ ನಾಳೆ ಮಾಡುತ್ತೇನೆಂದಳು. ಮರುದಿನವೂ ಪಟ್ಟಿ ಹಸಿಯಾಗಿತ್ತು. ಗೋಣೆಪ್ಪ ಮಾತ್ರ ರೊಟ್ಟಿ ಕೇಳಿ ಉಂಡ, ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನು ಮಾತಾಡಿಸಿದ. ಅವನ ಮುಖ ನೋಡಿ ತಾನು ಮಾಡಿದ್ದೇ ಸರಿ ಅನ್ನಿಸಿತು ಅವಳಿಗೆ.

ಅದರ ಮರುದಿನ ಪಟ್ಟಿ ಒಣಗಿತ್ತು. ಅವಳು ಸೂಜಿ ತೆಗೆದು ಸಿದ್ಧಮಾಡುವಷ್ಟರಲ್ಲಿ, ಬಚ್ಚಲಿನಿಂದ ಬಂದ ಗೋಣೆಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ.

‘ಮಂಜಿ, ಉಸರ ಸಿಗವಲ್ದು,’ ಎಂದವನು ಅಲ್ಲೇ ಕುಸಿದ. ದಿಲ್ಶಾದ ಓಡಿ ಬರುವಷ್ಟರಲ್ಲಿ ಮುಗಿದಿತ್ತು.

ಕಾಲಿನ ಹೆಪ್ಪು ಎದೆಗೆ ಏರಿರಬೇಕು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಹೇಗೂ ಇನ್ನೆರಡು ತಿಂಗಳಿಗಿಂತ ಹೆಚ್ಚು ಇರುತ್ತಿರಲಿಲ್ಲ ಎಂದು ಸಮಾಧಾನದ ಮಾತನ್ನೂ ಸೇರಿಸಿದರು. ಮಂಜವ್ವನಿಗೆ ಆ ಮಾತೇ ತಿವಿಯಿತು.

ಗೋಣೆಪ್ಪ ಎರಡು ದಿನ ನೆಮ್ಮದಿಯಾಗಿ ಉಸಿರಾಡಿದ. ಸಿಗಬಹುದಾಗಿದ್ದ ಎರಡು ತಿಂಗಳು ಸಿಗಲಿಲ್ಲ.