ಈಜು ಟೀಚರು ಯಾರ ಕಡೆ?

ನಮ್ಮ ವಾರ್ಡಿನಲ್ಲಿ ಮಾತಿಗೆ ಬೆಲೆಯಿರುವುದು ಒಬ್ಬರಿಗೇ, ನಗರಸಭೆಯ ಈಜುಕೊಳದ ಟೀಚರಿಗೆ. ವಕೀಲರು ಹೇಳಿದ್ದನ್ನು ಜನ ಇನ್ನೊಬ್ಬ ವಕೀಲರಲ್ಲಿಗೆ ಹೋಗಿ ತಾಳೆ ನೋಡುತ್ತಾರೆ. ಡಾಕ್ಟರು ಹೇಳಿದ್ದನ್ನು ಮೊಬೈಲಿನಲ್ಲಿ. ಈ ಟೀಚರು ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು "ಬಿಡಿ, ಮುಳುಗಲ್ಲ" ಅಂದರೆ ಸಾಕು, ತಾಯಂದಿರು ಹೆತ್ತ ಮಗುವಿನ ಕೈ ಬಿಡುತ್ತಾರೆ. ಹಾಗೆ ಬಿಟ್ಟ ಮಕ್ಕಳೆಲ್ಲ ಈಗ ಬೆಳೆದು ಮತದಾರರಾಗಿದ್ದಾರೆ.

ಟೀಚರ ಗಂಡ ಮುಖ್ಯರಸ್ತೆಯಲ್ಲಿ ಸ್ಟುಡಿಯೊ ಇಟ್ಟಿರುವ ಫೋಟೊಗ್ರಾಫರು. ಅವರು ನಗರಸಭೆ ಚುನಾವಣೆಗೆ ನಿಂತಾಗ ಅವರ ಅಕ್ಕ ತಾನೇ ಪ್ರಚಾರದ ಹೊಣೆ ಹೊತ್ತು, ಮೊದಲ ದಿನವೇ ತೀರ್ಪು ಕೊಟ್ಟಳು: "ನಿನ್ನ ಹೆಂಡ್ತಿ ಒಂದು ಮಾತು ಹೇಳಿದ್ರೆ ಸಾಕು ಕಣೋ. ನೀನು ಮನೇಲಿ ಹೊದ್ಕೊಂಡು ಮಲಗಿದ್ರೂ ಗೆಲ್ತೀಯ."

ಆ ಮಾತಿನ ಉತ್ತರಾರ್ಧ ಫೋಟೊಗ್ರಾಫರಿಗೆ ಅಷ್ಟಾಗಿ ರುಚಿಸಲಿಲ್ಲ. ಪೂರ್ವಾರ್ಧಕ್ಕಾಗಿ ಅದನ್ನೂ ನುಂಗಿಕೊಂಡು ಅಡುಗೆಮನೆಯ ಹಿಂದಿನ ಹಿತ್ತಲಿಗೆ ಹೋದರು. ಅಕ್ಕ ಬೆನ್ನಿಗೇ ಬಂದಳು. ಟೀಚರು ಒದ್ದೆ ಟವೆಲುಗಳನ್ನು ಹಗ್ಗಕ್ಕೆ ಹಾಕುತ್ತಿದ್ದರು.

"ಹೇಳಲ್ಲ" ಅಂದರು ಟೀಚರು.

"ಯಾಕೆ? ನಾನೇನು ಕೆಟ್ಟವನಾ?"

"ಒಳ್ಳೆಯವರೇ ರೀ. ಆದರೆ ಆ ತಾಯಂದಿರು ನನ್ನನ್ನ ನಂಬೋದು ಮಕ್ಕಳನ್ನ ನೀರಿಗೆ ಬಿಡೋ ವಿಷಯದಲ್ಲಿ. ಅದೇ ನಂಬಿಕೇನ ತಗೊಂಡುಹೋಗಿ ಚರಂಡಿಗೆ ಹಾಕ್ಲಾ?"

"ಚರಂಡಿ ರಿಪೇರಿನೇ ಕಣೇ ನಮ್ಮ ಮೊದಲನೇ ಭರವಸೆ" ಅಂದಳು ಅಕ್ಕ. "ಸಿನಿಮಾದೋರು ಬಂದು ಕೈ ಬೀಸಿದ್ರೆ ಜನ ಓಟು ಹಾಕಲ್ವಾ?"

"ಹಾಕ್ತಾರೆ. ಅದೇ ಸಿನಿಮಾದೋರು ಹೇಳಿದ್ರು ಅಂತ ನೀವು ಎಣ್ಣೆ ತಗೊಂಡ್ರಲ್ಲ ಅತ್ತಿಗೆ, ಕೂದಲು ಬಂತಾ?"

ಅಕ್ಕನ ಕೈ ತಾನಾಗಿ ನೆತ್ತಿಗೆ ಹೋಗಿ, ಅಲ್ಲಿ ಹಿಡಿಯಲು ಹೆಚ್ಚೇನೂ ಸಿಗದೆ ವಾಪಸು ಬಂತು.

ಇಷ್ಟಕ್ಕೇ ನಿಂತಿದ್ದರೆ ಫೋಟೊಗ್ರಾಫರು ಹೆಂಡತಿಯ ತತ್ವವನ್ನು ನಾಲ್ಕು ಜನರ ಮುಂದೆ ಹೊಗಳಿಕೊಂಡು ತಿರುಗಬಹುದಿತ್ತು. ಗಂಡಂದಿರಿಗೆ ಅದೊಂದು ಸೌಲಭ್ಯ. ಆದರೆ ಎದುರಾಳಿಯಾಗಿ ನಿಂತಿದ್ದ ಔಷಧಿ ಅಂಗಡಿಯವರಿಗೆ ಬೆನ್ನುನೋವಿತ್ತು. ಊರಿಗೆಲ್ಲ ಮುಲಾಮು ಮಾರಿದರೂ ತಮ್ಮ ಬೆನ್ನಿಗೆ ಅದು ಹತ್ತದೆ, ಕೊನೆಗೆ ಡಾಕ್ಟರು ಈಜಲು ಹೇಳಿದರು. ನೀರು ಕಂಡರೆ ನಡುಗುವ ಮನುಷ್ಯ. ಐವತ್ತು ದಾಟಿದ ಮೇಲೆ ರಬ್ಬರ್ ಟೋಪಿ ಹಾಕಿಕೊಂಡು ಬೆಳಗಿನ ತರಗತಿಗೆ ಸೇರಿದರು.

ಈ ಸುದ್ದಿ ಫೋಟೊಗ್ರಾಫರಿಗೆ ತಲುಪಿದ್ದು ಪಾಸ್‌ಪೋರ್ಟ್ ಫೋಟೊ ತೆಗೆಸಲು ಬಂದ ಗಿರಾಕಿಯಿಂದ. "ಗದ್ದ ಸ್ವಲ್ಪ ಮೇಲೆ" ಅನ್ನುತ್ತಿದ್ದಂತೆ ಆ ಗದ್ದವೇ ಹೇಳಿತು: "ನಿಮ್ಮ ಮನೆಯವರು ಔಷಧಿ ಅಂಗಡಿಯವರನ್ನ ಏನು ಚೆನ್ನಾಗಿ ತೇಲಿಸ್ತಾರೆ ಸಾರ್! ಹೂವಿನ ಥರ."

ಆ ದಿನದ ಫೋಟೊದಲ್ಲಿ ಗಿರಾಕಿಯ ಹಣೆಯಿಂದ ಮೇಲಕ್ಕೆ ಏನೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಫೋಟೊಗ್ರಾಫರು ಪಾಂಪ್ಲೆಟ್ ಹಂಚುವ ನೆಪದಲ್ಲಿ ಈಜುಕೊಳದ ಗಾಜಿನ ಗೋಡೆಯ ಹೊರಗೆ ನಿಂತರು. ಗಾಜಿಗೆ ಇಬ್ಬನಿ ಹಿಡಿದಿತ್ತು. ಅಂಗೈಯಿಂದ ಒಂದು ಕಿಂಡಿ ಒರೆಸಿಕೊಂಡರು. ಒಳಗೆ ಔಷಧಿ ಅಂಗಡಿಯವರು ನೀರಿನ ಮೇಲೆ ಅಂಗಾತ ಮಲಗಿದ್ದರು. ಟೀಚರ ಒಂದು ಅಂಗೈ ಅವರ ತಲೆಯ ಕೆಳಗೆ. ಟೀಚರು ಬಗ್ಗಿ ಏನೋ ಹೇಳಿದರು, ಔಷಧಿ ಅಂಗಡಿಯವರು ಕಣ್ಣು ಮುಚ್ಚಿದರು. ಟೀಚರು ಮೆಲ್ಲಗೆ ಕೈ ತೆಗೆದರು. ಮನುಷ್ಯ ತೇಲಿಕೊಂಡೇ ಇದ್ದ.

ಸಾವಿರಾರು ಮುಖಗಳನ್ನು ನೋಡಿದ ಫೋಟೊಗ್ರಾಫರಿಗೆ ಅಂಥ ಮುಖ ಯಾವ ಗಿರಾಕಿಯಲ್ಲೂ ಸಿಕ್ಕಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಅವರನ್ನೂ ಈಜು ಕಲಿಯಲು ಕರೆದಿದ್ದಳು. "ನೀನು ಈಜು, ನಾನು ದಡದಿಂದ ಫೋಟೊ ತೆಗೀತೀನಿ" ಅಂದಿದ್ದರು. ತೆಗೆದರು ಕೂಡ; ಒಂದು ಕಪಾಟು ತುಂಬ ಇವೆ. ಹೆಂಡತಿಯ ಕೈಯಿಂದ ಕಲಿಯುವುದೇ, ಎಂಬ ಬಿಗುಮಾನವನ್ನು ಅವರು ಕ್ಯಾಮೆರಾದ ಹಿಂದೆ ಇಷ್ಟು ವರ್ಷ ಸುಖವಾಗಿ ಸಾಕಿಕೊಂಡಿದ್ದರು. ಈಗ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಯಿತು. ಉರಿಯುತ್ತಿರುವುದು ಓಟಿಗಾಗಿಯೋ ಆ ಅಂಗೈಗಾಗಿಯೋ ಎಂದು ಬೇರ್ಪಡಿಸಿ ನೋಡುವ ತಾಳ್ಮೆ ಅವರಿಗಿರಲಿಲ್ಲ. ಪಾಂಪ್ಲೆಟ್‌ಗಳನ್ನು ಕಾವಲುಗಾರನ ಕೈಗೆ ತುರುಕಿ ಹೊರಟುಹೋದರು.

ಆ ವಾರವೇ ಒಬ್ಬ ತಾಯಿ, ಮಗಳ ತಲೆ ಒರೆಸುತ್ತ, ಟೀಚರನ್ನು ಕೇಳಿದಳು: "ಔಷಧಿ ಅಂಗಡಿಯವರು ಹೇಗೆ ಟೀಚರ್?"

"ಪರವಾಗಿಲ್ಲ. ಹೆದರ್ತಾರೆ, ಆದರೆ ಹೆದರ್ತೀನಿ ಅಂತ ಬಾಯಿಬಿಟ್ಟು ಹೇಳ್ತಾರೆ. ಹೇಳಿದ ಮಾತು ಕೇಳ್ತಾರೆ" ಅಂದರು ಟೀಚರು. ಅವರು ಹೇಳಿದ್ದು ತೇಲುವುದರ ಬಗ್ಗೆ.

ಸಂಜೆಯೊಳಗೆ ವಾರ್ಡಿಗೆಲ್ಲ ಗೊತ್ತಾಯಿತು, ಟೀಚರ ಬೆಂಬಲ ಔಷಧಿ ಅಂಗಡಿಗೆ. ಕಟ್ಟಿಕೊಂಡ ಹೆಂಡತಿಯೇ ಬೇಡ ಅಂದಮೇಲೆ ಆ ಫೋಟೊದವರಲ್ಲಿ ಏನೋ ಐಬಿರಬೇಕು ಎಂಬುದನ್ನು ಜನ ತಮ್ಮ ಕೈಯಿಂದ ಸೇರಿಸಿಕೊಂಡರು.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ ನಿಜ" ಎಂದು ಅಕ್ಕ ಸ್ಟುಡಿಯೊದಲ್ಲಿ ಹಣೆ ಚಚ್ಚಿಕೊಂಡಳು. "ಅದಕ್ಕೇಂತ ಮದ್ದಿನಂಗಡಿಯವನನ್ನೇ ಮದ್ದು ಮಾಡ್ಕೊಂಡುಬಿಡೋದಾ?"

ಟೀಚರು ಊಟದ ಡಬ್ಬಿ ಕೊಡಲು ಬಂದಾಗ ಫೋಟೊಗ್ರಾಫರು ಕಂಪ್ಯೂಟರಿನಲ್ಲಿ ತಮ್ಮದೇ ಪೋಸ್ಟರಿನ ಮುಖದ ಸುಕ್ಕು ಅಳಿಸುತ್ತ ಕೂತಿದ್ದರು. ತಿರುಗಲಿಲ್ಲ.

"ಅವನ ಬಗ್ಗೆ ಮಾತಾಡಕ್ಕೆ ನಿನಗೆ ಬಾಯಿ ಬರತ್ತೆ."

"ಈಜಿನ ಬಗ್ಗೆ ಕೇಳಿದ್ರು, ಹೇಳಿದೆ."

"ನನ್ನ ಬಗ್ಗೆಯೂ ಹೇಳು ಹಾಗಾದ್ರೆ. ಒಂದೇ ಮಾತು."

"ನೀವು ಯಾವತ್ತಾದ್ರೂ ನೀರಿಗೆ ಇಳಿದಿದೀರಾ, ಹೇಳಕ್ಕೆ?"

"ಇಷ್ಟು ವರ್ಷ ಸಂಸಾರ ಮಾಡಿದ್ದು ಸಾಲದಾ?"

"ಸಂಸಾರ ನೋಡಿ ಓಟು ಹಾಕಿ ಅಂತ ಹೇಳ್ಲಾ? ಟವೆಲು ಎಲ್ಲಿ ಬಿಸಾಕ್ತೀರ ಅಂತಾನೂ ಹೇಳಬೇಕಾಗತ್ತೆ."

ಅಕ್ಕನಿಗೆ ನಗು ಬಂತು. ತಮ್ಮನ ಮುಖ ನೋಡಿ ಅದನ್ನು ಕೆಮ್ಮಾಗಿ ಮಾರ್ಪಡಿಸಿದಳು. ಪೋಸ್ಟರಿನ ಮೇಲಿನ ಮುಖದಲ್ಲಿ ಆಗಲೇ ಸುಕ್ಕಿನ ಜೊತೆಗೆ ಅರ್ಧ ಹುಬ್ಬೂ ಅಳಿಸಿಹೋಗಿತ್ತು.

ಮರುದಿನ ಟೀಚರು ಈಜುಕೊಳದ ಬಾಗಿಲಿಗೆ ಹಲಗೆ ತೂಗುಹಾಕಿದರು: 'ಇಲ್ಲಿ ಈಜು ಮಾತ್ರ ಹೇಳಿಕೊಡಲಾಗುತ್ತದೆ. ಯಾರಿಗೆ ಮತ ಹಾಕಬೇಕೆಂದು ಕೇಳಬಾರದು.' ಗಂಡನಿಗಾಗಿ ನಾಚಿಕೊಂಡು ಹೀಗೆ ಬರೆದಿದ್ದಾರೆ ಎಂದು ಅಕ್ಕನ ಕಡೆಯವರು ಓದಿದರು. ಔಷಧಿ ಅಂಗಡಿಯವರಿಗಾಗಿ ಅಳುಕಿ ಎಂದು ಆ ಕಡೆಯವರು. ಹಲಗೆಯಲ್ಲಿದ್ದದ್ದನ್ನು ಇದ್ದಂತೆ ಓದಿದವರು ಔಷಧಿ ಅಂಗಡಿಯವರು ಒಬ್ಬರೇ ಇರಬೇಕು. ಅವರು ತಮ್ಮ ಸಭೆಯಲ್ಲೇ ಎದ್ದು ನಿಂತು, "ಟೀಚರು ನನ್ನ ಬಗ್ಗೆ ಹೇಳಿದ್ದು ಈಜಿಗೆ ಮಾತ್ರ. ದಯವಿಟ್ಟು ಅದಕ್ಕೆ ಓಟು ಕೊಡಬೇಡಿ" ಅಂದರು. ಅವರ ಕಡೆಯವರೇ ತಲೆಮೇಲೆ ಕೈಹೊತ್ತರು. ಇದನ್ನು ಕೇಳಿದ ಫೋಟೊಗ್ರಾಫರಿಗೆ ಅನ್ನ ಇಳಿಯಲಿಲ್ಲ. ಎದುರಾಳಿ ಕಳ್ಳನಾಗಿದ್ದರೆ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು.

ಮತದಾನದ ದಿನ ಗಂಡ ಹೆಂಡತಿ ಜೊತೆಯಲ್ಲೇ ಹೋಗಿ ಸಾಲಿನಲ್ಲಿ ನಿಂತರು. ವಾಪಸು ಬರುವಾಗ ಗಂಡ ತಡೆಯಲಾರದೆ ಕೇಳಿಯೇಬಿಟ್ಟರು: "ಯಾರಿಗೆ ಹಾಕಿದೆ?"

"ನಿಮಗೆ ಅಂದ್ರೆ ನಂಬ್ತೀರಾ?"

ಫೋಟೊಗ್ರಾಫರು ಬೆರಳಿನ ಶಾಯಿ ಉಜ್ಜಿಕೊಂಡರು.

"ಅವರಿಗೆ ಅಂದ್ರೆ?"

"ತಕ್ಷಣ ನಂಬ್ತೀನಿ."

"ಮತ್ತೆ ಕೇಳಿ ಏನು ಬಂತು?" ಅಂದು ಟೀಚರು ಬೇಗ ಬೇಗ ಹೆಜ್ಜೆ ಹಾಕಿದರು. ಅವರ ತರಗತಿಗೆ ಹೊತ್ತಾಗಿತ್ತು.

ಫೋಟೊಗ್ರಾಫರು ಗೆದ್ದರು. ಕೂದಲೆಳೆಯಷ್ಟು ಅಂತರ. ಯಾಕೆ ಗೆದ್ದರು ಎಂಬುದಕ್ಕೆ ಊರಿನಲ್ಲಿ ಹತ್ತು ವಿವರಣೆಗಳಿದ್ದವು. ಹತ್ತರಲ್ಲಿ ಒಂಬತ್ತು "ಎಷ್ಟಾದರೂ ಟೀಚರ ಯಜಮಾನರಲ್ವಾ" ಎಂದು ಮುಗಿಯುತ್ತಿದ್ದವು. ಹಾರಗಳ ಕೆಳಗೆ ಕೂತು ಅವರು ನಗುತ್ತಿದ್ದರು, ಮನಸ್ಸಿನ ಲೆಕ್ಕ ಮಾತ್ರ ಹೆಂಡತಿಯ ಒಂದೇ ಓಟಿನದು. ವಾರ್ಡು ಸಿಕ್ಕಿತ್ತು; ಅದೊಂದು ಸಿಕ್ಕಿತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಸೋತವರೋ ಮರುದಿನ ಬೆಳಿಗ್ಗೆ ಎಂದಿನಂತೆ ಟವೆಲು ಹೆಗಲಿಗೆ ಹಾಕಿಕೊಂಡು ಈಜುಕೊಳದ ಕಡೆ ಹೊರಟರಂತೆ. ಅದನ್ನು ಕೇಳಿದ ಮೇಲೆ ಗೆದ್ದವರಿಗೆ ಮನೆಯಲ್ಲಿ ಕೂರಲಾಗಲಿಲ್ಲ.

ಮುಂದಿನ ಸೋಮವಾರ ನಗರಸಭಾ ಸದಸ್ಯರು ಹೊಸ ಚಡ್ಡಿ, ಹೊಸ ರಬ್ಬರ್ ಟೋಪಿಯಲ್ಲಿ ಕೊಳದ ಮೆಟ್ಟಿಲಿಳಿದರು. ನೀರು ಎದೆಮಟ್ಟಕ್ಕೆ ಬಂದಾಗ ಅಂಚಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಟೀಚರು ನೋಡಿದರು. ಹುಬ್ಬು ಸ್ವಲ್ಪ ಮೇಲೆ ಹೋಯಿತು, ಅಷ್ಟೇ.

"ಹಿಂದೆ ವಾಲಿ, ಕೈ ಬಿಡಿ. ನಾನು ಹಿಡ್ಕೋತೀನಿ."

ಅವರು ಬಿಡಲಿಲ್ಲ. ಟೀಚರು ಇನ್ನೊಮ್ಮೆ ಹೇಳಿದರು. ಕಂಬಿ ಹಿಡಿದ ಬೆರಳುಗಳು ಇನ್ನಷ್ಟು ಬಿಳಿಚಿದವು.

ಪಕ್ಕದಲ್ಲೇ ಔಷಧಿ ಅಂಗಡಿಯವರು ಕಾಲು ಬಡಿಯುತ್ತ ಅಭ್ಯಾಸ ಮಾಡುತ್ತಿದ್ದರು. ನಿಲ್ಲಿಸಿ, ಮುಖದ ನೀರು ಒರೆಸಿಕೊಂಡು, ಸೋತ ನಂಜು ಒಂದಿಷ್ಟೂ ಇಲ್ಲದ ದನಿಯಲ್ಲಿ ಹೇಳಿದರು: "ಬಿಡಿ ಸಾರ್, ಏನೂ ಆಗಲ್ಲ. ಟೀಚರನ್ನ ಕಣ್ಣುಮುಚ್ಚಿ ನಂಬಬಹುದು. ನನ್ನ ಅನುಭವದಲ್ಲಿ ಹೇಳ್ತಿದೀನಿ."

ಸ್ವಂತ ಹೆಂಡತಿಯ ಬಗ್ಗೆ ಬಂದ ಆ ಶಿಫಾರಸನ್ನು ಸದಸ್ಯರು ಕೇಳಿಸಿಕೊಂಡರು. ಕಿವಿಯಿಂದ ಕಾಲಿನವರೆಗೆ, ಅಷ್ಟು ತಣ್ಣೀರಿನಲ್ಲೂ, ಬಿಸಿಯೇರಿತು. ಆ ಮನುಷ್ಯನ ಮಾತನ್ನು ಅವರು ನಂಬಿದರೆಂದು ಯಾರೂ ತಿಳಿಯಬಾರದು. ಅವಳ ಬಗ್ಗೆ ಅವನಿಗೆ ಗೊತ್ತಿರುವುದೊಂದು ತಮಗೆ ಗೊತ್ತಿಲ್ಲ ಎಂಬುದನ್ನು ಇನ್ನೊಂದು ಕ್ಷಣವೂ ಸಹಿಸಲಾರದೆ ಅವರು ಕಂಬಿ ಬಿಟ್ಟರು.

ಮೂಗಿನೊಳಗೆ ನೀರು ಹೋಯಿತು. ಕಾಲು ಎಲ್ಲೋ, ಕೈ ಎಲ್ಲೋ. ಆಮೇಲೆ ತಲೆಯ ಕೆಳಗೆ ಒಂದು ಅಂಗೈ ಬಂತು.

"ಕತ್ತು ಬಿಗಿ ಇದೆ" ಅಂದರು ಟೀಚರು. "ಸಡಿಲ ಬಿಡ್ರೀ."