ನಾದೋದು ಅಂದ್ರೆ ನಾದೋದೇ

ನನ್ನ ಮಣ್ಣನ್ನು ಇನ್ನೊಬ್ಬರು ಮುಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಒಳ್ಳೆಯ ಗುಣ ಅಂತ ನಾನೇನೂ ಹೇಳುತ್ತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಹಿತ್ತಿಲ ಕೋಣೆಯಲ್ಲಿ ಕುಂಬಾರರ ತಿಗರಿ ಹೂಡಿಕೊಂಡವಳು ನಾನು. ಅದು ತಿರುಗುತ್ತಿದ್ದರೆ ನನಗೆ ಊಟದ ನೆನಪೂ ಇರುವುದಿಲ್ಲ. ಮಣ್ಣಿನ ಮುದ್ದೆ ಅಂಗೈಗಳ ನಡುವೆ ನೆಟ್ಟಗೆ ನಿಂತು, ಹೆಬ್ಬೆರಳು ಒತ್ತಿದೊಡನೆ ಬಾಯಿ ಬಿಟ್ಟು, ಹೂಜಿಯೋ ಬಟ್ಟಲೋ ಆಗಿ ಮೇಲೇಳುವಾಗ ಈಗಲೂ ಚಿಕ್ಕ ಹುಡುಗಿಯ ಹಾಗೆ ಖುಷಿಯಾಗುತ್ತದೆ.

ಅಂಥವಳಿಗೆ ಬಲಗೈ ಮಣಿಕಟ್ಟೇ ಕೈಕೊಟ್ಟಿತು.

"ತಿಗರಿ ಬೇಕಾದ್ರೆ ತಿರುಗಿಸಿ. ಮಣ್ಣು ನಾದೋದು ಮಾತ್ರ ಇನ್ನು ಬೇಡವೇ ಬೇಡ," ಎಂದರು ಡಾಕ್ಟರು.

ನಾದದೇ ಇರುವ ಮಣ್ಣಿನಲ್ಲಿ ಏನು ಮಾಡಲಿ, ಅವರ ತಲೆ? ಒಳಗೆ ಗಾಳಿಗುಳ್ಳೆ ಉಳಿದರೆ ತಿಗರಿಯ ಮೇಲೆಯೇ ಪಾತ್ರೆ ಸೊಟ್ಟಗಾಗುತ್ತದೆ, ಸುಡುವಾಗ ಆವಿಗೆಯೊಳಗೆ ಸಿಡಿಯುತ್ತದೆ. ತಿಗರಿಗೆ ಬಟ್ಟೆ ಹೊದಿಸಿ, ಎದುರಿಗೆ ಸಿಕ್ಕವರ ಮೇಲೆಲ್ಲ ಹರಿಹಾಯುತ್ತ ದಿನ ನೂಕಿದೆ. ಎದುರಿಗೆ ಸಿಗುತ್ತಿದ್ದವರು ನನ್ನ ಗಂಡ ಒಬ್ಬರೇ, ಪಾಪ.

ಅವರದು ಬೇಕರಿ, ತಮ್ಮನ ಜೊತೆ ನಡೆಸುತ್ತಾರೆ. ಬ್ರೆಡ್ಡಿನ ಹಿಟ್ಟನ್ನು ಮಾತ್ರ ಯಾವತ್ತೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಷರಟಿನ ತೋಳು ಮಡಚಿದರು.

"ನಾನು ನಾದಿ ಕೊಡ್ತೀನಿ ಬಿಡೆ."

"ಮಣ್ಣು ಅಂದ್ರೆ ನಿಮ್ಮ ಹಿಟ್ಟಲ್ಲ ರೀ!"

"ನಾದೋದು ಅಂದ್ರೆ ನಾದೋದೇ. ಅದಕ್ಕೇನು ಬೇರೆ ಹೆಸರಿದ್ಯಾ?"

ಹೆಸರು ಒಂದೇ, ನಿಜ. ಕೆಲಸ ಮಾತ್ರ ತದ್ವಿರುದ್ಧ. ಹಿಟ್ಟು ನಾದುವವರು ಎಳೆದು, ಮಡಚಿ, ಒಳಗೆ ಗಾಳಿ ಸೇರಿಸುತ್ತಾರೆ; ನಾವು ಒತ್ತಿ ಒತ್ತಿ ಇದ್ದ ಗಾಳಿಯನ್ನೂ ಓಡಿಸುತ್ತೇವೆ. ನಾನು ಹೇಳಿಕೊಟ್ಟೆ, ಅವರು ಹೂಂಗುಟ್ಟಿದರು. ಅವರ ಕೈ ನನ್ನ ಮಾತು ಕೇಳಬೇಕಲ್ಲ! ಆ ಸಲ ಆವಿಗೆ ತೆರೆದಾಗ ಒಳಗೆ ಒಂದು ಪಾತ್ರೆಯೂ ಇಡಿಯಾಗಿ ಉಳಿದಿರಲಿಲ್ಲ.

"ಬನ್ನು ಉಬ್ಬಿಸಿದ ಹಾಗೆ ಉಬ್ಬಿಸಿದ್ದೀರಲ್ರೀ ನನ್ನ ಮಣ್ಣನ್ನ! ಇನ್ನು ಇದರ ಸಹವಾಸಕ್ಕೇ ಬರಬೇಡಿ!" ಎಂದು ಕೂಗಾಡಿದೆ.

ಅವರು ಚೂರುಗಳನ್ನು ಬುಟ್ಟಿಗೆ ತುಂಬಿದರು, ಕೈ ತೊಳೆದರು, ಮಾರನೆಯ ದಿನ ಮತ್ತೆ ಬಂದು ತೋಳು ಮಡಚಿದರು. ನನ್ನ ಬಾಯಿಗೆ ಹೆದರುವ ಆಸಾಮಿಯಲ್ಲ ಅದು.

ದಿನವೂ ನಾದಿದರು. ನಾನು ಮುದ್ದೆಯನ್ನು ತಂತಿಯಿಂದ ಸೀಳಿ, "ನೋಡಿ, ಇಲ್ಲೊಂದು, ಇಲ್ಲೊಂದು," ಎಂದು ಗುಳ್ಳೆ ತೋರಿಸುತ್ತಿದ್ದೆ; ಅವರು ಮತ್ತೆ ಮೊದಲಿಂದ ಶುರುಮಾಡುತ್ತಿದ್ದರು. ಕೊನೆಗೊಂದು ದಿನ ಸೀಳಿದರೆ ಬೆಣ್ಣೆ ಕೊಯ್ದ ಹಾಗಿತ್ತು. "ಪರವಾಗಿಲ್ಲ," ಎಂದೆ. ಒಳಗೊಳಗೇ ಕುಣಿದಾಡುವಷ್ಟು ಸಂತೋಷವಾಗಿತ್ತು. ನನ್ನ ಕೋಣೆಯ ಹಲಗೆಗಳ ಮೇಲೆ ಮತ್ತೆ ಬಟ್ಟಲು, ಹೂಜಿ, ಮುಚ್ಚಳದ ಭರಣಿ ಸಾಲಾಗಿ ಒಣಗತೊಡಗಿದವು.

ಹಾಗಿರುವಾಗ ಒಂದು ದಿನ ಮೈದುನ ಬಂದ. ಇವರು ಸ್ನಾನಕ್ಕೆ ಹೋಗಿದ್ದರು.

"ಅತ್ತಿಗೆ, ಅಣ್ಣನ ಕೈಗೆ ಏನಾದ್ರೂ ಆಗಿದ್ಯಾ?" ಎಂದು ಪಿಸುಗುಟ್ಟಿದ.

"ಯಾಕೋ?"

"ಅಣ್ಣ ನಾದಿದ್ರೆ ಈಗ ಬ್ರೆಡ್ಡು ಉಬ್ಬೋದೇ ಇಲ್ಲ. ಇಟ್ಟಿಗೆ! ಗಿರಾಕಿಗಳು ನಗ್ತಾರೆ. ಹಿಟ್ಟೆಲ್ಲ ನಂಗೆ ಬಿಟ್ಟು ಗಲ್ಲಾದಲ್ಲಿ ಕೂತ್ಕೊಂಡುಬಿಟ್ಟಿದ್ದಾನೆ. ನಿಮಗೆ ಹೇಳ್ಬೇಡ ಅಂದಿದ್ದ."

ಮಣ್ಣಿನ ಗಾಳಿ ಓಡಿಸಲು ಕಲಿತ ಕೈ ಈಗ ಹಿಟ್ಟಿನ ಗಾಳಿಯನ್ನೂ ಓಡಿಸುತ್ತಿದೆ! ಹಿಟ್ಟಿನ ತೊಟ್ಟಿಯ ಮುಂದೆ ನಿಂತು ಗುನುಗುತ್ತ ನಾದುತ್ತಿದ್ದ ಮನುಷ್ಯ ಈಗ ಚಿಲ್ಲರೆ ಎಣಿಸಿ ಕೊಡುತ್ತ ಕೂತಿದ್ದಾರೆ. ನನ್ನ ಹತ್ತಿರ ತುಟಿ ಪಿಟಕ್ಕೆಂದಿಲ್ಲ.

ಅವರು ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮೈದುನ ಜಾಗ ಖಾಲಿ ಮಾಡಿದ್ದ.

"ಬ್ರೆಡ್ಡಿನ ವಿಷಯ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮತ್ತೆ ತಿಗರಿಗೆ ಬಟ್ಟೆ ಹೊದಿಸಿಬಿಡ್ತಿದ್ದೆ."

"ಹೊದಿಸ್ತಿದ್ದೆ. ಅದಕ್ಕೇನೀಗ?"

"ನೀನು ಸುಮ್ನೆ ಕೂತಿರೋದನ್ನ ನಂಗೆ ನೋಡೋಕಾಗಲ್ಲ ಕಣೆ."

ಅಳು ಒತ್ತರಿಸಿಕೊಂಡು ಬಂತು. ಈ ಮನುಷ್ಯನ ಮೇಲೆ ಎಷ್ಟು ಪ್ರೀತಿ ಉಕ್ಕಿತೋ ಅಷ್ಟೇ ಸಿಟ್ಟೂ ಬಂತು. ಅವರು ನಾದಿಟ್ಟಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಮುದ್ದೆಯನ್ನು ಅವರ ಕೈಯಿಂದಲೇ ತಿಗರಿಯ ಮೇಲೆ ಇಡಿಸಿದೆ. ಕಣ್ಣು ಒರೆಸಿಕೊಳ್ಳಲೂ ಬಿಡುವಿಲ್ಲದೆ ಅಗಲಿಸುತ್ತ ಹೋದೆ. ಇಬ್ಬರ ತೋಳು ಹಿಡಿಸುವಷ್ಟು ಬಾಯಿಯ ಬೋಗುಣಿ ಎದ್ದಿತು.

"ಯಾರ ಮನೆಗೆ ಇಷ್ಟು ದೊಡ್ಡದು?" ಎಂದರು.

"ನಮ್ಮನೆಗೇ. ಇದು ಬೆಂದು ಬಂದ ಮೇಲೆ ದಿನಾ ಇದರಲ್ಲಿ ಹಿಟ್ಟು ನಾದಬೇಕು ನೀವು, ಮೊದಲಿನ ಕೈ ಬರೋವರೆಗೂ."

"ಇಟ್ಟಿಗೆ ಆಗುತ್ತೆ ಕಣೆ. ಯಾರು ತಿಂತಾರೆ ಅದನ್ನ?"

"ನಾನು ತಿಂತೀನಿ," ಎಂದೆ. "ಎಷ್ಟು ದಿನ ಆದ್ರೂ ತಿಂತೀನಿ."