ಎಡಗತ್ತಿನ ಮಿಡಿತ

ಎಷ್ಟು ತಣ್ಣಗಿದೆ ಈ ಮೇಜು, ಬೆನ್ನಿಗೆ ಚಳಿಗಾಲದ ನಾಲೆಯ ನೀರು ತಾಗಿದ ಹಾಗೆ, ಆದರೂ ಧನಲಕ್ಷ್ಮಿ ನಡುಗಬಾರದು, ಅಲುಗಬೇಡಿ ಅಮ್ಮ ಅಂತ ಡಾಕ್ಟರ್ ವಾದಿರಾಜ ಈಗಷ್ಟೇ ಹೇಳಿದ್ದಾರೆ, ತೊಡೆಸಂದಿಯಲ್ಲಿ ಸಣ್ಣ ತೂತು, ಅಲ್ಲಿಂದ ಏರಿದ ತಂತಿ ಕತ್ತಿನ ರಕ್ತನಾಳಕ್ಕೆ ಹೋಗಿ, ಊದಿಕೊಂಡ ಜಾಗಕ್ಕೆ ಒಳಗಿಂದಲೇ ಸ್ಪ್ರಿಂಗಿನಂಥ ಕೊಳವೆ ಕೂರಿಸುತ್ತದಂತೆ, ಕತ್ತು ಕೊಯ್ಯೋದಿಲ್ಲ, ಹೊಲಿಗೆ ಇಲ್ಲ, ನಾಡಿದ್ದು ಮನೆಗೆ — ಯಾವ ಮನೆಗೆ, ಹೊಸಮನೆಯ ಆ ಅಡುಗೆಕೋಣೆಗಾ, ಎಡಗತ್ತಿನಲ್ಲಿ ಅದು ಈಗಲೂ ಮಿಡಿಯುತ್ತಿದೆ, ನೆಲ್ಲಿಕಾಯಿಯಷ್ಟಿದೆ, ಮೊದಲು ಕಂಡದ್ದು ಮಗಳು ಇಂಪನಾಗೆ, ಅಮ್ಮಾ ನಿನ್ನ ಕತ್ತಲ್ಲಿ ಏನೋ ಕುಣೀತಿದೆ, ಆಮೇಲೆ ಸ್ಕ್ಯಾನು, ನಾಳದ ಗೋಡೆ ಹರಿದಿದೆ, ಯಾವಾಗ ಬೇಕಾದ್ರೂ ಒಡೀಬಹುದು, ಪೆಟ್ಟು ಹೇಗಾಯ್ತು, ಸ್ಕೂಟರ್ ಚಕ್ರಕ್ಕೆ ಸೆರಗು ಸಿಕ್ತು ಸಾರ್ ಅಂದ ಗಂಡ ಕಾಂತರಾಜ್, ಅವಳೂ ಹೂಂ ಅಂದಳು, ಡಾಕ್ಟರ್ ಅವಳ ಮುಖವನ್ನೇ ನೋಡಿದರು, ಅವಳು ನೆಲ ನೋಡಿದಳು.

ಎಲ್ಲಿಯ ಸ್ಕೂಟರು, ಒಲೆ ಮೇಲೆ ಸಾರು ಕುದೀತಿತ್ತು, ಅಪ್ಪನಿಗೆ ಹುಷಾರಿಲ್ಲ ಭದ್ರಾವತಿಗೆ ಹೋಗ್ಬರ್ತೀನಿ ಅಂದದ್ದಷ್ಟೇ, ಹೋಗೋದಾದ್ರೆ ಅಲ್ಲೇ ಸಾಯಿ ಅಂತ ಕತ್ತಿನ ಮೇಲೆ ಅವನ ಎರಡೂ ಹೆಬ್ಬೆರಳು, ಗೋಡೆಗೆ ತಲೆ, ಕಣ್ಣು ಮಂಜಾಗಿ ಸಾರು ಉಕ್ಕುವ ಸದ್ದು ಮಾತ್ರ, ಆಮೇಲೆ ಅವನೇ ನೀರು ಕುಡಿಸಿದ, ಅವನೇ ಅತ್ತ, ಅಳುವ ಗಂಡಸನ್ನು ಏನು ಮಾಡೋದು, ನಿನ್ನೆ ತಮ್ಮ ಯೋಗರಾಜ್ ಬಂದವನು, ಭಾವ ಊಟ ಬಿಟ್ಟು ಓಡಾಡ್ತಿದ್ದಾರೆ ಅಕ್ಕ, ನೀನು ಪುಣ್ಯ ಮಾಡಿದ್ದೆ ಅಂದ, ಅವಳು ನಕ್ಕಳು, ಆದರೆ ಇವತ್ತು ಬೆಳಿಗ್ಗೆ ಇಂಪನಾ ಕಿವಿ ಹತ್ತಿರ ಬಗ್ಗಿ, ನಿಜ ಹೇಳಮ್ಮ, ಅಪ್ಪನಾ, ಅಂತ ಕೇಳಿದಾಗ ನಗು ಬರಲಿಲ್ಲ, ಹೊರಗೆ ಬಂದ ಮೇಲೆ ಎಲ್ಲಾ ಹೇಳ್ತೀನಿ ಪುಟ್ಟಾ, ಹೇಳಿ ಇಬ್ಬರೂ ಭದ್ರಾವತಿಗೆ ಹೋಗೋಣ, ಹೌದು, ಹೇಳಬೇಕು — ಮೊದಲು ಈ ಡಾಕ್ಟರಿಗೇ.

ನರ್ಸ್ ಬಲಗೈಯಲ್ಲಿ ಏನೋ ಇಡುತ್ತಾಳೆ, ರಬ್ಬರಿನ ಹಳದಿ ಬಾತುಕೋಳಿ, ಮಕ್ಕಳ ಆಟದ್ದು, ಎಡಗಡೆ ನಾಳದಲ್ಲಿ ಕೆಲಸ ಮಾಡುವಾಗ ಬಲಗೈ, ಮಾತು ಎರಡರ ಮೇಲೂ ಕಣ್ಣಿಟ್ಟಿರಬೇಕು, ಅವೆರಡನ್ನೂ ನಡೆಸೋ ಮಿದುಳಿನ ಭಾಗಕ್ಕೆ ರಕ್ತ ಹೋಗೋದು ಈ ನಾಳದಿಂದಲೇ, ಸಾರ್ ಕೇಳಿದಾಗಲೆಲ್ಲ ಒತ್ತಿ, ಒತ್ತಿದಳು, ಕೀಚ್ ಅಂತು, ಎಲ್ಲರೂ ನಕ್ಕರು, ಅವಳೂ, ಕತ್ತಿನೊಳಗೆ ಬೆಚ್ಚನೆ ಏನೋ ಹರಿಯಿತು, ಒತ್ತಿ, ಕೀಚ್, ಕೊಳವೆ ಕೂತಿತು ನೋಡಿ ಅಂದರು, ಮಿಡಿತ ಇಳಿಯಿತು, ನಿಜವಾಗಿಯೂ ಇಳಿಯಿತು, ಈಗಲೇ ಹೇಳಿಬಿಡಬೇಕು, ಸಾರ್, ಸ್ಕೂಟರ್ ಅಲ್ಲ, ನನ್ನ ಗಂಡ, ಮಾತೆಲ್ಲ ಸಾಲಾಗಿ ನಿಂತಿವೆ, ಬಾಯಿ ತೆರೆದಳು — ಆ, ಆ — ಇದೇನು, ಇದು ತನ್ನ ದನಿಯಾ, ನಾಲಿಗೆ ಎಲ್ಲಿ ಹೋಯಿತು, ಧನಲಕ್ಷ್ಮಿಯವರೇ ಹೆಸರು ಹೇಳಿ, ಆ, ಒತ್ತಿ ಅಮ್ಮ, ಒತ್ತಿದಳು, ಇನ್ನೊಮ್ಮೆ ಒತ್ತಿ, ಒತ್ತುತ್ತಲೇ ಇದ್ದಾಳಲ್ಲ, ರಕ್ತದ ಹೆಪ್ಪು ಮೇಲೆ ಮಿದುಳಿಗೆ ಹೋಗಿದೆ, ಬೇಗ ಬೇಗ, ಹೊರಗಿರೋ ಗಂಡನಿಗೆ ತಿಳಿಸಿ, ಇವರಿಗೆ ಮಾತು ನಿಂತಿದೆ, ಇನ್ನು ಏನಿದ್ದರೂ ಅವರನ್ನೇ ಕೇಳಿ — ಬೇಡ, ಅವನನ್ನಲ್ಲ, ಇಂಪನಾನ ಕರೀರಿ, ಆ, ಆ — ಕತ್ತು ವಾಲಿ ಕಣ್ಣು ಬಲಗೈಗೆ ಬಿತ್ತು, ಬೆರಳು ಬಿಚ್ಚಿಕೊಂಡಿವೆ, ಯಾರದೋ ಬೆರಳಿನ ಹಾಗೆ, ನಡುವೆ ಹಳದಿ ಬಾತುಕೋಳಿ, ಒತ್ತಿದಳು, ಬಾತುಕೋಳಿ, ಒತ್ತಿದಳು, ಅಂಗೈ ಮೇಲೆ ಕೂತ ಬಾತುಕೋಳಿ